ಎದೆ ಹೊಡೆದುಕೊಂಡಿದ್ದು ಸೇತುವೆಗೋ, ಅವಳಿಗೋ?

(ನಮ್ಮೂರ ಗ್ರಂಥಾಲಯದ ಹಾಲ್‌ನಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬಂದವರಲ್ಲಿ ಅರ್ಧ ಜನ ಕಾಲೇಜು ಹುಡುಗ ಹುಡುಗಿಯರು, ಇನ್ನರ್ಧ ಅವರ ಅಪ್ಪ ಅಮ್ಮನ ವಯಸ್ಸಿನವರು. ಬರೆಯುವಾಗ ಅಲ್ಲಲ್ಲಿ ಒಂದೆರಡು ಸಾಲು ಸೇರಿಸಿದ್ದೇನೆ. ಉಳಿದದ್ದು ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ತೂಗುಸೇತುವೆ ಮೇಲೆ ನಡೆದವರು ಕೈ ಎತ್ತಿ ನೋಡೋಣ. ಹೆಚ್ಚುಕಡಿಮೆ ಎಲ್ಲರೂ ಎತ್ತಿದಿರಿ. ಕುಶಾಲನಗರದ ಹತ್ತಿರದ ನಿಸರ್ಗಧಾಮಕ್ಕೆ ಪ್ರವಾಸ ಹೋಗದವರು ನಮ್ಮಲ್ಲಿ ಕಡಿಮೆ ಅಲ್ವಾ. ಸೇತುವೆಗೆ ಕಾಲಿಟ್ಟ ಕೂಡಲೇ ಯಾರೋ ಒಬ್ಬ ಬೇಕಂತಲೇ ಕುಣಿಯುತ್ತಾನೆ. ಕಾಲ ಕೆಳಗಿನ ಹಲಗೆ ಓಲಾಡುತ್ತದೆ. ಕೈ ತಾನಾಗೇ ಪಕ್ಕದ ಕಂಬಿ ಹುಡುಕುತ್ತದೆ. ಅಂಗೈ ಬೆವರುತ್ತದೆ, ಎದೆ ಡವಡವ ಅನ್ನುತ್ತದೆ. ಆ ಡವಡವವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತವೇ ಇದೆ.

ಕೆನಡಾದ ವ್ಯಾಂಕೂವರ್ ಹತ್ತಿರ ಕ್ಯಾಪಿಲಾನೊ ಅಂತ ಒಂದು ನದಿ. ಅದರ ಕಣಿವೆಗೆ ಅಡ್ಡಲಾಗಿ 1889ರಲ್ಲೇ ಹಗ್ಗ, ಹಲಗೆಗಳ ಒಂದು ತೂಗುಸೇತುವೆ ಕಟ್ಟಿದ್ದರು. ಆಮೇಲೆ ಹಗ್ಗದ ಜಾಗಕ್ಕೆ ಉಕ್ಕಿನ ತಂತಿ ಬಂತು. ಉದ್ದ 450 ಅಡಿ, ಅಗಲ ಬರೀ 5 ಅಡಿ. ಕೆಳಗೆ ನೋಡಿದರೆ 230 ಅಡಿ ಆಳದಲ್ಲಿ ಬಂಡೆ, ನೀರು. ಇಪ್ಪತ್ತು ಮಹಡಿಯ ಕಟ್ಟಡದ ಮೇಲೆ ನಿಂತ ಹಾಗೆ, ಅದೂ ಅಲ್ಲಾಡುವ ಕಟ್ಟಡ. ಭಯಕ್ಕೆ ಬಡಿಯುವ ಎದೆ ಎದುರಿನವರ ಮೇಲಿನ ಸೆಳೆತವನ್ನೂ ಜಾಸ್ತಿ ಮಾಡುತ್ತದಾ? ಈ ಪ್ರಶ್ನೆ ಹಿಡಿದುಕೊಂಡು ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಈ ಸೇತುವೆಗೆ ಹೋದರು. ಅವರು ಕಂಡುಕೊಂಡದ್ದು 1974ರಲ್ಲಿ ಅಚ್ಚಾಯಿತು.

ಅವರು ಮಾಡಿದ್ದು ಇಷ್ಟು. 18ರಿಂದ 35 ವರ್ಷದ ಗಂಡಸೊಬ್ಬ ಜೊತೆಯಲ್ಲಿ ಹೆಂಗಸಿಲ್ಲದೆ ಸೇತುವೆ ದಾಟುತ್ತಿದ್ದರೆ ಒಬ್ಬ ಯುವತಿ ಅವನನ್ನು ಮಾತಾಡಿಸುತ್ತಾಳೆ. 'ನಾನು ಮನಶ್ಶಾಸ್ತ್ರದ ವಿದ್ಯಾರ್ಥಿನಿ. ಇಂಥ ಸುಂದರ ಜಾಗಗಳು ಜನರ ಕಲ್ಪನೆ ಮೇಲೆ ಏನು ಪರಿಣಾಮ ಮಾಡುತ್ತವೆ ಅಂತ ನೋಡುತ್ತಿದ್ದೇನೆ' ಅನ್ನುತ್ತಾಳೆ. ಕೆಲವು ಪ್ರಶ್ನೆ ಕೇಳುತ್ತಾಳೆ. ಒಂದು ಚಿತ್ರ ತೋರಿಸುತ್ತಾಳೆ. ಚಿತ್ರದಲ್ಲಿ ಒಬ್ಬ ಹೆಂಗಸು ಒಂದು ಕೈಯಿಂದ ಮುಖ ಮುಚ್ಚಿಕೊಂಡು ಇನ್ನೊಂದು ಕೈ ಚಾಚಿದ್ದಾಳೆ. ಇದರ ಮೇಲೆ ಒಂದು ಚಿಕ್ಕ ಕಥೆ ಬರೆಯಿರಿ ಅನ್ನುತ್ತಾಳೆ. ಬರೆದಾದ ಮೇಲೆ ಕಾಗದದ ತುದಿ ಹರಿದು ತನ್ನ ಹೆಸರು, ಫೋನ್ ನಂಬರ್ ಬರೆದು ಕೊಡುತ್ತಾಳೆ. ಇನ್ನೂ ವಿವರ ಬೇಕಾದರೆ ಫೋನ್ ಮಾಡಿ ಅನ್ನುತ್ತಾಳೆ.

ಅದೇ ನದಿಯ ಮೇಲ್ಗಡೆ ಇನ್ನೊಂದು ಸೇತುವೆ ಇತ್ತು. ದಪ್ಪ ಮರದ್ದು, ಗಟ್ಟಿಯಾದದ್ದು. ಕೆಳಗೆ ಬರೀ 10 ಅಡಿಯಲ್ಲಿ ಸಣ್ಣ ಹಳ್ಳ. ಅಲ್ಲೂ ಇದೇ ಪ್ರಶ್ನೆ, ಇದೇ ಚಿತ್ರ, ಇದೇ ನಂಬರ್. ಹೆಸರು ಮಾತ್ರ ಬೇರೆ. ತೂಗುಸೇತುವೆಯಲ್ಲಿ ಅವಳು ಗ್ಲೋರಿಯಾ, ಮರದ ಸೇತುವೆಯಲ್ಲಿ ಡೋನಾ. ಫೋನ್ ಬಂದಾಗ ಯಾವ ಸೇತುವೆಯವನು ಅಂತ ಹೆಸರಿನಿಂದಲೇ ಗೊತ್ತಾಗಲಿ ಅಂತ. ಈ ಚಿಕ್ಕ ಉಪಾಯ ನನಗೆ ತುಂಬಾ ಇಷ್ಟ. ಪ್ರತಿ ವರ್ಷ ತರಗತಿಯಲ್ಲಿ ಇದನ್ನು ಹೇಳುವಾಗ ಹೊಸದಾಗಿ ಖುಷಿಯಾಗುತ್ತದೆ.

ಮರದ ಸೇತುವೆಯಲ್ಲಿ ನಂಬರ್ ಇಸಿದುಕೊಂಡವರು 16 ಜನ. ಡೋನಾ ಇದ್ದಾಳಾ ಅಂತ ಫೋನ್ ಮಾಡಿದವರು 2. ತೂಗುಸೇತುವೆಯಲ್ಲಿ ಇಸಿದುಕೊಂಡವರು 18 ಜನ. ಗ್ಲೋರಿಯಾಳನ್ನು ಕೇಳಿ ಫೋನ್ ಮಾಡಿದವರು 9. ತೂಗುಸೇತುವೆಯವರು ಬರೆದ ಕಥೆಗಳಲ್ಲಿ ಪ್ರಣಯದ ವಿಷಯವೂ ಜಾಸ್ತಿ ಇತ್ತು. ಇದೇ ಕೆಲಸವನ್ನು ಗಂಡಸೊಬ್ಬನಿಂದ ಮಾಡಿಸಿದಾಗ ಎರಡೂ ಕಡೆಯಿಂದ ಒಂದೋ ಎರಡೋ ಫೋನ್ ಬಂದವು, ಅಷ್ಟೇ.

ನಿಮ್ಮಲ್ಲಿ ಯಾರೋ ತಲೆ ಅಲ್ಲಾಡಿಸುತ್ತಿದ್ದೀರಿ. ಸರಿಯಾದ ಅನುಮಾನವೇ ಅದು. ತೂಗುಸೇತುವೆ ಹತ್ತುವವನು ಮೊದಲೇ ಧೈರ್ಯಸ್ಥ, ಹುಡುಗಿಗೆ ಫೋನ್ ಮಾಡುವುದಕ್ಕೂ ಅವನಿಗೆ ಧೈರ್ಯ ಇರುತ್ತದೆ ಅಲ್ವಾ? ಡಟನ್ ಮತ್ತು ಆರನ್‌ಗೂ ಇದೇ ಅನುಮಾನ ಬಂತು. ಅದಕ್ಕೆ ಎರಡನೇ ಸಲ ಬರೀ ತೂಗುಸೇತುವೆ ದಾಟಿದವರನ್ನೇ ತೆಗೆದುಕೊಂಡರು. ಕೆಲವರನ್ನು ಸೇತುವೆ ಮೇಲೆ ಇರುವಾಗಲೇ ಮಾತಾಡಿಸಿದರು. ಇನ್ನು ಕೆಲವರನ್ನು ದಾಟಿ ಬಂದು, ಪಕ್ಕದ ಪಾರ್ಕಿನಲ್ಲಿ ಹತ್ತು ನಿಮಿಷವಾದರೂ ಸುಮ್ನೆ ಕೂತೋ ತಿರುಗಾಡಿಯೋ ಸುಧಾರಿಸಿಕೊಂಡ ಮೇಲೆ ಮಾತಾಡಿಸಿದರು. ಹಾಗೆ ಸುಧಾರಿಸಿಕೊಂಡವರಲ್ಲಿ ಫೋನ್ ಮಾಡಿದವರು ಕಡಿಮೆ. ಸೇತುವೆ ಅದೇ, ಜನವೂ ಅದೇ ಥರದವರು, ಹುಡುಗಿಯ ಮಾತೂ ಅದೇ. ನಡುವೆ ಇದ್ದದ್ದು ಹತ್ತು ನಿಮಿಷ.

ಇದರ ಹಿಂದೆ ಒಂದು ಯೋಚನೆ ಇದೆ. ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಎದೆ ಜೋರಾಗಿ ಬಡಿಯುತ್ತದೆ, ಉಸಿರು ಚುರುಕಾಗುತ್ತದೆ, ಗಂಟಲು ಒಣಗುತ್ತದೆ. ಯಾರನ್ನೋ ನೋಡಿ ಮನಸ್ಸು ಸೋತಾಗಲೂ ಹೆಚ್ಚುಕಡಿಮೆ ಇದೇ ಆಗುತ್ತದೆ. ಎದೆಗೆ ಡವಡವ ಅನ್ನುವುದು ಗೊತ್ತು. ಯಾಕೆ ಅನ್ನುವುದನ್ನು ಮಿದುಳು ಸುತ್ತಮುತ್ತ ನೋಡಿ ತೀರ್ಮಾನ ಮಾಡಬೇಕು. ಸುತ್ತಮುತ್ತ ನೋಡಿದರೆ ಎದುರಿಗೆ ಒಂದು ನಗುಮುಖ. 'ಓಹೋ, ಇವಳಿಗೇ ಇರಬೇಕು' ಅಂತ ಲೆಕ್ಕ ಬರೆದುಕೊಳ್ಳುತ್ತದೆ. ಸೇತುವೆಯ ಖರ್ಚನ್ನು ಅವಳ ಖಾತೆಗೆ ಹಾಕುತ್ತದೆ. ಸ್ಟಾನ್ಲಿ ಶಾಕ್ಟರ್ ಮತ್ತು ಜೆರೋಮ್ ಸಿಂಗರ್ ಎಂಬುವರು 1962ರಲ್ಲೇ ಈ ಥರದ ವಿವರಣೆ ಕೊಟ್ಟಿದ್ದರು. ಮೈಯ ತಳಮಳ ಒಂದು, ಅದಕ್ಕೆ ನಾವಿಡುವ ಹೆಸರು ಇನ್ನೊಂದು, ಎರಡೂ ಸೇರಿದರೆ ಭಾವನೆ, ಅಂತ.

ಒಂದು ಮಾತು ಹೇಳಲೇಬೇಕು. ಈ ಪ್ರಯೋಗ ಚಿಕ್ಕದು. 18 ಜನ, 16 ಜನ. ಎಲ್ಲರೂ ಗಂಡಸರು. ಇಷ್ಟರ ಮೇಲೆ ಪ್ರಪಂಚದ ಪ್ರೀತಿಯನ್ನೆಲ್ಲ ಕಟ್ಟಬಾರದು. ಆದರೆ ಆಮೇಲೆ ಬೇರೆ ಬೇರೆ ಕಡೆ ಬೇರೆ ಬೇರೆ ರೀತಿಯಲ್ಲಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಅವೆಲ್ಲವನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗಲೂ ಮೈ ಬಿಸಿಯೇರಿದಾಗ ಆಕರ್ಷಣೆ ಬದಲಾಗುತ್ತದೆ ಅನ್ನುವುದು ಉಳಿದಿದೆ. ಯಾಕೆ ಅನ್ನುವುದರಲ್ಲಿ ಜಗಳ ಇದೆ. ಎದೆ ಯಾಕೆ ಬಡಿಯುತ್ತಿದೆ ಅಂತ ಚೆನ್ನಾಗಿ ಗೊತ್ತಿದ್ದವರಲ್ಲೂ ಈ ಬದಲಾವಣೆ ಕಾಣುತ್ತದೆ. ಹಾಗಾಗಿ 'ಮಿದುಳು ಲೆಕ್ಕ ತಪ್ಪಿತು' ಅನ್ನುವುದು ಪೂರ್ತಿ ಕಥೆ ಇರಲಾರದು.

ಆಮೇಲೆ ಬಂದವುಗಳಲ್ಲಿ 1981ರ ಒಂದು ಪ್ರಯೋಗ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ. ಗ್ರೆಗರಿ ವೈಟ್ ಮತ್ತು ಅವರ ಜೊತೆಯವರು ಮಾಡಿದ್ದು. ಸೇತುವೆ ಬೇಡ, ಭಯವೂ ಬೇಡ ಅಂದರು. ಹುಡುಗರನ್ನು ನಿಂತಲ್ಲೇ ಓಡಿಸಿದರು. ಕೆಲವರು ಎರಡು ನಿಮಿಷ ಓಡಿದರು, ಕೆಲವರು ಬರೀ 15 ಸೆಕೆಂಡ್. ಆಮೇಲೆ ಒಬ್ಬ ಹುಡುಗಿಯ ವಿಡಿಯೊ ತೋರಿಸಿದರು. ಒಂದು ವಿಡಿಯೊದಲ್ಲಿ ಅವಳು ಚೆನ್ನಾಗಿ ಅಲಂಕಾರ ಮಾಡಿಕೊಂಡು ಚಟಪಟ ಮಾತಾಡುತ್ತಾಳೆ. ಇನ್ನೊಂದರಲ್ಲಿ ಬೇಕಂತಲೇ ಜೋಲುಮುಖ, ಮೂಗು ಸೋರುವ ನೆಗಡಿ. ಎರಡು ನಿಮಿಷ ಓಡಿದವರಿಗೆ ಮೊದಲನೆಯವಳು ಇನ್ನೂ ಚೆಂದ ಕಂಡಳು. ಇದು ನೀವು ಊಹಿಸಿದ್ದೇ. ಆದರೆ ಎರಡನೆಯವಳು ಅವರಿಗೆ ಇನ್ನೂ ಕೆಟ್ಟದಾಗಿ ಕಂಡಳು! ಅಂದರೆ ಡವಡವ ಅನ್ನುವ ಎದೆ ಸುಮ್ಮಸುಮ್ಮನೆ ಪ್ರೀತಿ ಹುಟ್ಟಿಸುವುದಿಲ್ಲ. ಆ ಕ್ಷಣದಲ್ಲಿ ಇಷ್ಟ ಇದ್ದರೆ ಇಷ್ಟ ಜಾಸ್ತಿ ಮಾಡುತ್ತದೆ, ಬೇಡ ಅನ್ನಿಸಿದ್ದರೆ ಬೇಡವನ್ನು ಜಾಸ್ತಿ ಮಾಡುತ್ತದೆ. ಒಲೆಯ ಉರಿ ಇದ್ದ ಹಾಗೆ. ಪಾತ್ರೆಯಲ್ಲಿ ಏನಿದೆಯೋ ಅದೇ ಕುದಿಯುತ್ತದೆ.

ಈಗ ನಮ್ಮ ಹೆಣ್ಣು ನೋಡುವ ಶಾಸ್ತ್ರ ನೆನೆಸಿಕೊಳ್ಳಿ. ಇಲ್ಲಿರುವ ದೊಡ್ಡವರಲ್ಲಿ ಹೆಚ್ಚಿನವರು ಅದನ್ನು ದಾಟಿ ಬಂದವರೇ. ಉಪ್ಪಿಟ್ಟು, ಕೇಸರಿಬಾತ್. ಹಾಲ್‌ನಲ್ಲಿ ಹತ್ತು ಹನ್ನೆರಡು ಜನ. ಕಾಫಿ ಲೋಟ ಇಟ್ಟ ತಟ್ಟೆ ಹಿಡಿದುಕೊಂಡು ಹುಡುಗಿ ಬರಬೇಕು. ಕೈ ನಡುಗುತ್ತದೆ, ಲೋಟ ಸದ್ದು ಮಾಡುತ್ತದೆ. ಹುಡುಗನ ಅಂಗೈಯೂ ಬೆವರಿರುತ್ತದೆ, ಅವನು ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತಿರುತ್ತಾನೆ. ಅದು ಕ್ಯಾಪಿಲಾನೊ ಸೇತುವೆಯೇ ಅಲ್ವಾ? ಇಬ್ಬರ ಎದೆಯೂ ಹೊಡೆದುಕೊಳ್ಳುತ್ತಿದೆ, ಅದಕ್ಕೆ ಕಾರಣ ಹತ್ತು ಜೊತೆ ಕಣ್ಣು. ಅಂಥ ಹೊತ್ತಿನಲ್ಲಿ ತಲೆ ಎತ್ತಿ ನೋಡಿದಾಗ ಎದುರಿನ ಮುಖ ಹಿತ ಅನ್ನಿಸಿದರೆ ಎರಡರಷ್ಟು ಹಿತ. ಅವನು ಫೋನ್ ನೋಡುತ್ತಾ ಕೂತಿದ್ದರೆ ಎರಡರಷ್ಟು ಸಿಟ್ಟು. ವಾಪಸ್ ಹೋಗುವಾಗ ಕಾರಿನಲ್ಲೇ 'ಏನಪ್ಪಾ, ಒಪ್ಪಿಗೆಯಾ?' ಅಂತ ಕೇಳಿಬಿಡುತ್ತಾರೆ. ಪಾರ್ಕಿನ ಹತ್ತು ನಿಮಿಷವನ್ನೂ ಕೊಡುವುದಿಲ್ಲ. ಇದನ್ನು ಯಾರೋ ಅಳೆದು ನೋಡಿದ ಸಂಗತಿ ಅಂತ ನಾನು ಹೇಳುತ್ತಿಲ್ಲ, ವೈಟ್ ಅವರ ಪ್ರಯೋಗ ಓದಿದಾಗ ನನಗೆ ಹೊಳೆದದ್ದು. ದಯವಿಟ್ಟು ಕಾರಿನಲ್ಲಿ ಕೇಳಬೇಡಿ. ಎರಡು ದಿನ ಬಿಡಿ. ಹುಡುಗಿಯನ್ನೂ ಕೇಳಿ, ಮರೆಯದೆ.

ಹಾಗಾದರೆ ಮುಖದಲ್ಲಿ ಏನೂ ಇಲ್ಲವಾ, ಎಲ್ಲ ಸೇತುವೆಯದ್ದೇ ಕೆಲಸವಾ ಅಂತ ಕೇಳಬಹುದು. ಮುಖದಲ್ಲಿ ತುಂಬಾ ಇದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೋಡೊರೊವ್ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗುರುತಿಲ್ಲದ ಮುಖವನ್ನು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ತೋರಿಸಿದರು. ಈ ಮುಖ ಚೆಂದವಾ, ನಂಬಬಹುದಾ, ಇಷ್ಟವಾಗುತ್ತದಾ ಅಂತ ಕೇಳಿದರು. ಬೇರೆಯವರಿಗೆ ಅದೇ ಮುಖಗಳನ್ನು ಬೇಕಾದಷ್ಟು ಹೊತ್ತು ನೋಡಲು ಬಿಟ್ಟರು. ಎರಡೂ ಕಡೆಯ ಉತ್ತರ ಬಹಳ ಮಟ್ಟಿಗೆ ಹೊಂದಿದವು. ಅರ್ಧ ಸೆಕೆಂಡ್, ಒಂದು ಸೆಕೆಂಡ್ ಅಂತ ಸಮಯ ಜಾಸ್ತಿ ಕೊಟ್ಟಾಗ ಜನ ತಮ್ಮ ಅಭಿಪ್ರಾಯವನ್ನು ಅಷ್ಟೇನೂ ಬದಲಿಸಲಿಲ್ಲ. ತಾವು ಹೇಳಿದ್ದೇ ಸರಿ ಅನ್ನುವ ನಂಬಿಕೆ ಮಾತ್ರ ಗಟ್ಟಿಯಾಗುತ್ತಾ ಹೋಯಿತು. ಇದು ನನಗೆ ಸ್ವಲ್ಪ ಹೆದರಿಕೆ ಹುಟ್ಟಿಸುವ ವಿಷಯ. ಮದುವೆ ಒಂದೇ ಅಲ್ಲ, ಕೆಲಸದ ಸಂದರ್ಶನ, ಚುನಾವಣೆ, ಪೊಲೀಸ್ ಠಾಣೆ, ಎಲ್ಲ ಕಡೆ ಈ ಹತ್ತನೇ ಒಂದು ಸೆಕೆಂಡ್ ಕೂತಿರುತ್ತದೆ.

ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅದು 2012ರಲ್ಲಿ ಪ್ರಕಟವಾಯಿತು. ಮದುವೆಯಾಗದ ಯುವಕ ಯುವತಿಯರನ್ನು ಮೊದಲು ಮಿದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಮುಂದೆ ಭೇಟಿಯಾಗುವವರ ಫೋಟೊ ತೋರಿಸಿದರು. ಆಮೇಲೆ ನಿಜವಾಗಿ ಭೇಟಿ ಮಾಡಿಸಿದರು. ಸ್ಪೀಡ್ ಡೇಟಿಂಗ್ ಅನ್ನುತ್ತಾರಲ್ಲ, ಒಬ್ಬರ ಜೊತೆ ಐದು ನಿಮಿಷ ಮಾತು, ಆಮೇಲೆ ಮುಂದಿನ ಕುರ್ಚಿ. ಫೋಟೊ ನೋಡುವಾಗ ಮಿದುಳಿನ ಮುಂಭಾಗದ ಒಳಮಗ್ಗುಲಲ್ಲಿ ನಡೆದ ಕೆಲಸಕ್ಕೂ, ಆಮೇಲೆ ಇವರು ಯಾರನ್ನು ಮತ್ತೆ ಭೇಟಿಯಾಗಲು ಬಯಸಿದರು ಅನ್ನುವುದಕ್ಕೂ ನಂಟು ಕಂಡಿತು. ಅಲ್ಲಿ ಅಕ್ಕಪಕ್ಕದ ಎರಡು ಜಾಗ ಎರಡು ಬೇರೆ ಲೆಕ್ಕ ಮಾಡುತ್ತಿದ್ದವು. ಒಂದು, ಈ ಮುಖ ಎಲ್ಲರ ಕಣ್ಣಿಗೂ ಚೆಂದವಾ ಅಂತ. ಇನ್ನೊಂದು, ಎಲ್ಲರದ್ದು ಹಾಗಿರಲಿ, ಇವರು ನನಗೆ ಹಿಡಿಸುತ್ತಾರಾ ಅಂತ.

ಈ ಎರಡನೇ ಲೆಕ್ಕ ಇದೆಯಲ್ಲ, 'ನನಗೆ ಹಿಡಿಸುತ್ತಾರಾ' ಅನ್ನುವುದು, ಅದನ್ನು ಜನ ತಮ್ಮ ಬಗ್ಗೆ ಬರೆದುಕೊಟ್ಟ ವಿವರಗಳಿಂದ ಮೊದಲೇ ಹೇಳುವುದು ಬಹಳ ಕಷ್ಟ. ಸಮಂತಾ ಜೋಯಲ್, ಪಾಲ್ ಈಸ್ಟ್‌ವಿಕ್, ಎಲಿ ಫಿಂಕೆಲ್ ಮೂವರೂ 2017ರಲ್ಲಿ ಕಂಪ್ಯೂಟರ್ ಕೈಗೆ ಈ ಕೆಲಸ ಕೊಟ್ಟು ನೋಡಿದರು. ಸ್ಪೀಡ್ ಡೇಟಿಂಗ್‌ಗೆ ಬಂದವರಿಂದ ಮೊದಲೇ ನೂರಕ್ಕೂ ಹೆಚ್ಚು ವಿಷಯ ಬರೆಸಿಕೊಂಡಿದ್ದರು. ಸ್ವಭಾವ ಎಂಥದ್ದು, ಎಂಥವರು ಬೇಕು, ಯಾವುದಕ್ಕೆ ಬೆಲೆ ಕೊಡುತ್ತೀರಿ, ಹೀಗೆ. ಇದನ್ನೆಲ್ಲ ಓದಿದ ಕಂಪ್ಯೂಟರ್ ಒಂದಿಷ್ಟು ಹೇಳಿತು. ಈ ಮನುಷ್ಯ ಸಾಮಾನ್ಯವಾಗಿ ಎಲ್ಲರನ್ನೂ ಇಷ್ಟಪಡುವವನಾ, ಈ ಹುಡುಗಿಯನ್ನು ಸಾಮಾನ್ಯವಾಗಿ ಎಲ್ಲರೂ ಇಷ್ಟಪಡುತ್ತಾರಾ, ಇದನ್ನು ತಕ್ಕಮಟ್ಟಿಗೆ ಊಹಿಸಿತು. ಆದರೆ ಈ ಒಬ್ಬನಿಗೆ ಈ ಒಬ್ಬಳೇ ಯಾಕೆ ವಿಶೇಷವಾಗಿ ಹಿಡಿಸಿದಳು ಅನ್ನುವುದರಲ್ಲಿ ಸೋತುಹೋಯಿತು. ಮ್ಯಾಟ್ರಿಮೊನಿ ಆ್ಯಪ್‌ನಲ್ಲಿ ಎತ್ತರ, ಸಂಬಳ, ಡಿಗ್ರಿ, ಹವ್ಯಾಸ ಅಂತ ಜರಡಿ ಹಿಡಿಯುವವರು ಇದನ್ನು ಸ್ವಲ್ಪ ಯೋಚಿಸಬೇಕು. ಜರಡಿಯಲ್ಲಿ ಉಳಿದವರನ್ನು ನಾವು ನೋಡುತ್ತೇವೆ. ಕೆಳಗೆ ಬಿದ್ದವರಲ್ಲಿ ಯಾರಿದ್ದರೋ.

ಪರಿಮಳದ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಇದರ ಹೆಸರಲ್ಲಿ ಸೆಂಟ್ ಬಾಟಲಿ ಮಾರುವವರು ಜಾಸ್ತಿ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಕ್ಲಾಸ್ ವೆಡೆಕಿಂಡ್ 1995ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಗಂಡಸರು ಎರಡು ರಾತ್ರಿ ಹಾಕಿಕೊಂಡ ಟೀ ಶರ್ಟನ್ನು ಹೆಂಗಸರು ಮೂಸಿ ನೋಡಿದರು. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಕೆಲವು ಜೀನ್‌ಗಳು ತಮಗಿಂತ ಬೇರೆಯಾಗಿದ್ದವರ ವಾಸನೆ ಅವರಿಗೆ ಹಿತವಾಗಿ ಕಂಡಿತು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಇದು ಉಲ್ಟಾ ಆಯಿತು. ಆಮೇಲಿನ ಅಧ್ಯಯನಗಳಲ್ಲಿ ಕೆಲವು ಹೌದು ಅಂದವು, ಕೆಲವು ಇಲ್ಲ ಅಂದವು. ರೇಷ್ಮೆ ಚಿಟ್ಟೆಗೆ ಫೆರೋಮೋನ್ ಇದೆ, ಅಂದರೆ ಜೊತೆಗಾರರನ್ನು ಸೆಳೆಯುವ ವಾಸನೆಯ ವಸ್ತು. ಹೆಣ್ಣು ಬಿಡುವ ಬೊಂಬಿಕಾಲ್ ಎಂಬ ವಸ್ತುವಿಗೆ ಗಂಡು ಹುಡುಕಿಕೊಂಡು ಬರುತ್ತದೆ. ರಾಮನಗರದ ಕಡೆಯವರಿಗೆ ರೇಷ್ಮೆ ಚಿಟ್ಟೆಯ ಓಡಾಟ ಹೊಸದೇನಲ್ಲ. ಮನುಷ್ಯರಲ್ಲಿ ಅಂಥದ್ದು ಒಂದೂ ಖಚಿತವಾಗಿ ಸಿಕ್ಕಿಲ್ಲ. ಆ ಬಾಟಲಿಗಳಿಗೆ ದುಡ್ಡು ಹಾಕಬೇಡಿ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಹುಡುಗರು ಸ್ವಲ್ಪ ಗಮನ ಕೊಡಿ.

ನೆದರ್ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದವರು 2017ರಲ್ಲಿ ಮೊದಲ ನೋಟದ ಪ್ರೀತಿಯ ಬಗ್ಗೆಯೇ ಒಂದು ಅಧ್ಯಯನ ಮಾಡಿದರು. ಸುಮಾರು 400 ಜನ. ಹಳೇ ನೆನಪು ಕೇಳಿದರೆ ಜನ ಬಣ್ಣ ಕಟ್ಟಿ ಹೇಳುತ್ತಾರೆ. 'ಮೊದಲ ದಿನ ನೋಡಿದಾಗಲೇ ಗೊತ್ತಾಗಿತ್ತು' ಅಂತ ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ಎಲ್ಲರಿಗೂ ಅನ್ನಿಸುತ್ತದೆ. ಅದಕ್ಕೆ ಅವರು ಕೆಲವರನ್ನು ನಿಜವಾಗಿ ಭೇಟಿ ಮಾಡಿಸಿ, ಆ ಹೊತ್ತಿನಲ್ಲೇ ಕೇಳಿದರು. ಕೆಲವರು 'ಹೌದು, ಇವರನ್ನು ನೋಡಿದ ಕೂಡಲೇ ಪ್ರೀತಿಯಾಯಿತು' ಅಂದರು. ಹಾಗೆ ಅಂದವರಲ್ಲಿ ಗಂಡಸರು ಜಾಸ್ತಿ. ಆದರೆ ಪ್ರೀತಿಯಲ್ಲಿ ಇರುತ್ತವೆ ಅನ್ನುವ ಆಪ್ತತೆ, ಕೊನೆತನಕ ಜೊತೆಗಿರುವ ಮನಸ್ಸು, ಕಾತರ, ಇವು ಅವರಲ್ಲಿ ಹೆಚ್ಚಾಗಿ ಕಾಣಲಿಲ್ಲ. ಗಟ್ಟಿಯಾಗಿ ಕಂಡದ್ದು ಎದುರಿನವರ ರೂಪದ ಸೆಳೆತ. ಇನ್ನೊಂದು ಸಂಗತಿಯಂತೂ ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ. ಅವನಿಗೆ ಅವಳನ್ನು ನೋಡಿ, ಅವಳಿಗೆ ಅವನನ್ನು ನೋಡಿ, ಇಬ್ಬರಿಗೂ ಒಟ್ಟಿಗೆ ಹಾಗಾದ ಒಂದು ಜೋಡಿಯೂ ಆ ಭೇಟಿಗಳಲ್ಲಿ ಸಿಗಲಿಲ್ಲ.

ನಿಮ್ಮ ಎದೆ ಹೊಡೆದುಕೊಂಡಿತು. ಅದು ನಿಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವಳ ಎದೆಯೂ ಹೊಡೆದುಕೊಂಡಿತು ಅಂತ ಅದರಿಂದ ಗೊತ್ತಾಗುವುದಿಲ್ಲ. ಅವಳು ನಕ್ಕಳಲ್ಲ ಅನ್ನುತ್ತೀರಿ. ಅಂಟೋನಿಯಾ ಅಬ್ಬೆ ಎಂಬ ಸಂಶೋಧಕಿ 1982ರಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಐದು ನಿಮಿಷ ಮಾತಾಡಲು ಬಿಟ್ಟರು. ಅದನ್ನು ಮರೆಯಿಂದ ಇನ್ನೊಬ್ಬ ಹುಡುಗ, ಇನ್ನೊಬ್ಬ ಹುಡುಗಿ ನೋಡುತ್ತಿದ್ದರು. ಆ ಹುಡುಗಿ ಸಹಜವಾಗಿ ನಕ್ಕು ಮಾತಾಡಿದ್ದನ್ನು ಹುಡುಗಿಯರು ಸ್ನೇಹ ಅಂದುಕೊಂಡರು. ಹುಡುಗರಿಗೆ, ಮಾತಾಡಿದವನಿಗೂ ನೋಡುತ್ತಿದ್ದವನಿಗೂ, ಅದರಲ್ಲಿ ಬೇರೇನೋ ಕಂಡಿತು. ಬಸ್ ಸ್ಟಾಪ್‌ನಲ್ಲಿ ನಿಲ್ಲುವುದು, ಕಾಲೇಜಿನಿಂದ ಮನೆ ತನಕ ಹಿಂದೆ ಬರುವುದು, ನಂಬರ್ ಹುಡುಕಿ ಮೆಸೇಜ್ ಮಾಡುವುದು, ಇವೆಲ್ಲ ಇಲ್ಲಿಂದಲೇ ಶುರುವಾಗುತ್ತವೆ. ನನ್ನ ತರಗತಿಯಲ್ಲಿ ಹೀಗೆ ಹಿಂದೆ ಬಿದ್ದವನ ಹೆದರಿಕೆಗೆ ಒಬ್ಬ ಹುಡುಗಿ ಓದು ಬಿಟ್ಟಳು. ಅವಳ ಎದೆಯೂ ದಿನಾ ಡವಡವ ಅನ್ನುತ್ತಿತ್ತು. ಭಯಕ್ಕೆ.

ಇಬ್ಬರ ನಡುವೆ ನಿಜವಾಗಿ ಸೆಳೆತ ಹುಟ್ಟಿದಾಗ ಏನಾಗುತ್ತದೆ ಅಂತ ನೋಡಿದವರೂ ಇದ್ದಾರೆ. ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಎಲಿಸ್ಕಾ ಪ್ರೊಖಾಜ್ಕೋವಾ ಮತ್ತು ಅವರ ತಂಡ 2022ರಲ್ಲಿ ಇದನ್ನು ಪ್ರಕಟಿಸಿದರು. ಗುರುತಿಲ್ಲದ ಇಬ್ಬರನ್ನು ಎದುರುಬದುರು ಕೂರಿಸಿದರು. ನಡುವೆ ಒಂದು ತಡೆ. ಮೊದಲು ಮೂರೇ ಸೆಕೆಂಡ್ ಅದನ್ನು ತೆಗೆದು ಮುಚ್ಚಿದರು. ಆಮೇಲೆ ಸ್ವಲ್ಪ ಹೊತ್ತು ಮಾತು, ಸ್ವಲ್ಪ ಹೊತ್ತು ಮಾತಿಲ್ಲದ ನೋಟ. ಇಬ್ಬರ ಕಣ್ಣಿನ ಚಲನೆ, ನಗು, ಎದೆಬಡಿತ, ಅಂಗೈ ಬೆವರು ಎಲ್ಲವನ್ನೂ ಅಳೆದರು. ನಗು ಎಷ್ಟು, ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಎಷ್ಟು, ಒಬ್ಬರಂತೆ ಇನ್ನೊಬ್ಬರು ಕೈ ಆಡಿಸಿದ್ದು ಎಷ್ಟು, ಇದ್ಯಾವುದರಿಂದಲೂ ಸೆಳೆತ ಗೊತ್ತಾಗಲಿಲ್ಲ. ಗೊತ್ತಾದದ್ದು ಒಂದರಿಂದ. ಇಬ್ಬರ ಎದೆಬಡಿತ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ, ಅಂಗೈ ಬೆವರು ಒಟ್ಟಿಗೆ ಏರಿ ಇಳಿದರೆ, ಅಲ್ಲಿ ಸೆಳೆತ ಇತ್ತು. ಆದರೆ ಎದೆಬಡಿತ ಹೊರಗೆ ಕಾಣುವುದಿಲ್ಲ ಅಲ್ವಾ. ಕಣ್ಣಿಗೆ ಕಾಣುವ ನಗುವಿನಿಂದ ಅದನ್ನು ಊಹಿಸಲು ಹೋದರೆ ತಪ್ಪುತ್ತೇವೆ. ತಿಳಿಯಬೇಕಾದರೆ ಮಾತಾಡಬೇಕು, ಕೇಳಬೇಕು. ಬೇಡ ಅಂದರೆ ಬಿಡಬೇಕು.

ಮಾತು ಮುಗಿಸುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. 'ಮೇಡಂ, ನನ್ನ ಫ್ರೆಂಡ್‌ಗೆ ಒಬ್ಬ ಹುಡುಗನ ಮೇಲೆ ಇಷ್ಟ ಇದೆ. ಆದ್ರೆ ನೋಡಿದ ತಕ್ಷಣ ಏನೂ ಆಗ್ಲಿಲ್ಲ. ಸ್ಪಾರ್ಕ್ ಇಲ್ಲ ಅಂದ್ರೆ ಅದು ಪ್ರೀತಿ ಅಲ್ವಾ?' ಅಂತ.

ಖಂಡಿತ ಹಾಗಲ್ಲಮ್ಮ ಅಂದೆ. ಅತಿ ಪರಿಚಯದಿಂದ ಅಸಡ್ಡೆ ಅಂತ ಒಂದು ಹಳೇ ಮಾತಿದೆ. ಅದನ್ನು ಅಲುಗಾಡಿಸುವ ಒಂದು ಪ್ರಯೋಗ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನಡೆಯಿತು, 1992ರಲ್ಲಿ ಪ್ರಕಟವಾಯಿತು. ಮೋರ್‌ಲ್ಯಾಂಡ್ ಮತ್ತು ಬೀಚ್ ಎಂಬುವರು ನಾಲ್ಕು ಹುಡುಗಿಯರನ್ನು ಆರಿಸಿಕೊಂಡರು. ಒಬ್ಬಳು ಒಂದು ದೊಡ್ಡ ತರಗತಿಗೆ 15 ಸಲ ಬಂದು ಕೂತಳು, ಒಬ್ಬಳು 10 ಸಲ, ಒಬ್ಬಳು 5 ಸಲ, ಒಬ್ಬಳು ಬರಲೇ ಇಲ್ಲ. ಯಾರ ಜೊತೆಗೂ ಮಾತಿಲ್ಲ, ಕತೆಯಿಲ್ಲ. ಬಂದು ಕೂತು ಎದ್ದು ಹೋಗುವುದು ಅಷ್ಟೇ. ಕೊನೆಗೆ ಫೋಟೊ ತೋರಿಸಿ ಕೇಳಿದರೆ, ಹೆಚ್ಚು ಸಲ ಬಂದವಳು ಹೆಚ್ಚು ಹಿಡಿಸಿದಳು. ಅವಳನ್ನು ನೋಡಿದ ನೆನಪೂ ಬಹಳ ಜನಕ್ಕೆ ಸರಿಯಾಗಿ ಇರಲಿಲ್ಲ. ಹತ್ತನೇ ಒಂದು ಸೆಕೆಂಡಿನಲ್ಲಿ ಕೆಲಸ ಮಾಡುವ ಅದೇ ಮಿದುಳು ಹೀಗೆ ಒಂದು ಸೆಮಿಸ್ಟರ್ ಪೂರ್ತಿ ನಿಧಾನವಾಗಿಯೂ ಕೆಲಸ ಮಾಡುತ್ತದೆ. ನಿನ್ನ ಫ್ರೆಂಡ್‌ಗೆ ಹೇಳು, ಆತುರ ಬೇಡ ಅಂತ.

ಆಗ ಮುಂದಿನ ಸಾಲಿನ ಹಿರಿಯರೊಬ್ಬರು 'ಅದಕ್ಕೇ ಕಣಮ್ಮಾ ನಾವು ಹೇಳೋದು, ದೊಡ್ಡವರು ನೋಡಿ ಮಾಡಿದ ಮದುವೆಯಲ್ಲಿ ಪ್ರೀತಿ ಆಮೇಲೆ ತಾನಾಗಿ ಬರುತ್ತೆ' ಅಂದರು. ಅವರ ಮಾತಿಗೆ ಒಂದು ಅಧ್ಯಯನದ ಬೆಂಬಲ ಇದೆ. ಜೈಪುರದಲ್ಲಿ ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ 1982ರಲ್ಲಿ 50 ದಂಪತಿಗಳನ್ನು ನೋಡಿದ್ದರು. ಪ್ರೀತಿಸಿ ಮದುವೆಯಾದವರಲ್ಲಿ ಪ್ರೀತಿಯ ಅಂಕ ಮೊದಲು ಜಾಸ್ತಿ, ಐದು ವರ್ಷದ ನಂತರ ಕಡಿಮೆ. ಹಿರಿಯರು ಗೊತ್ತುಮಾಡಿದವರಲ್ಲಿ ಮೊದಲು ಕಡಿಮೆ, ಆಮೇಲೆ ಜಾಸ್ತಿ. ಆದರೆ ಅಮೆರಿಕದಲ್ಲಿರುವ ಭಾರತೀಯರ ಮೇಲೆ 2012ರಲ್ಲಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಎರಡೂ ಥರದ ಮದುವೆಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಎರಡೂ ಚಿಕ್ಕ ಅಧ್ಯಯನಗಳೇ. ಒಂದನ್ನು ಹಿಡಿದುಕೊಂಡು ಮಕ್ಕಳ ಮೇಲೆ ಹೇರಬೇಡಿ ಅಂತ ಕೇಳಿಕೊಂಡೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಕೊನೆಯ ಪ್ರಶ್ನೆ ಅವರ ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿಯದ್ದು. 'ಎಲ್ಲ ಹೊಸಬರ ಕಥೆಯೇ ಆಯ್ತಲ್ಲಮ್ಮ. ಮದುವೆಯಾಗಿ ಮೂವತ್ತು ವರ್ಷ ಆದವರಿಗೆ ಆ ಡವಡವ ಮತ್ತೆ ಬರುತ್ತಾ?'

ಇದಕ್ಕೆ ಉತ್ತರ ಹುಡುಕಿದವರು ಆ ಸೇತುವೆಯ ಆರ್ಥರ್ ಆರನ್ ಅವರೇ. ಅವರು 1967ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದಾಗ ಎಲೈನ್ ಎಂಬ ಸಹಪಾಠಿಯನ್ನು ಪ್ರೀತಿಸಿದರು. ಈ ಪ್ರೀತಿ ಅಂದರೆ ಏನು ಅಂತ ಪುಸ್ತಕ ತಿರುವಿದರೆ ಅದರ ಮೇಲೆ ಹೆಚ್ಚುಕಡಿಮೆ ಸಂಶೋಧನೆಯೇ ಇರಲಿಲ್ಲ. ಹಾಗೆ ಶುರುವಾದದ್ದು ಅವರ ಕೆಲಸ. ಎಲೈನ್ ಅವರನ್ನೇ ಮದುವೆಯಾದರು, ಇಬ್ಬರೂ ಸೇರಿ ಎಷ್ಟೋ ಸಂಶೋಧನೆ ಮಾಡಿದರು. 2000ದಲ್ಲಿ ಪ್ರಕಟಿಸಿದ ಒಂದರಲ್ಲಿ ಗಂಡ ಹೆಂಡಿರನ್ನು ಲ್ಯಾಬಿಗೆ ಕರೆದು, ಇಬ್ಬರ ಒಂದು ಕೈ, ಒಂದು ಕಾಲು ಸೇರಿಸಿ ಪಟ್ಟಿ ಕಟ್ಟಿದರು. ನೆಲಕ್ಕೆ ಚಾಪೆ ಹಾಸಿ, ನಡುವೆ ಒಂದು ಅಡ್ಡ ಇಟ್ಟರು. ಇಬ್ಬರೂ ಮೈಗಳ ನಡುವೆ ಒಂದು ದಿಂಬು ಸಿಕ್ಕಿಸಿಕೊಂಡು, ಕೈಯಲ್ಲಿ ಹಿಡಿಯದೆ, ಹಲ್ಲಲ್ಲಿ ಕಚ್ಚದೆ, ಅಂಬೆಗಾಲಲ್ಲಿ ಆ ಅಡ್ಡ ದಾಟಿ ಹೋಗಿ ಬರಬೇಕು. ಅದೂ ಗಡಿಯಾರ ನೋಡಿಕೊಂಡು. ಬೇರೆ ಕೆಲವು ದಂಪತಿಗಳಿಗೆ ಸಪ್ಪೆ ಕೆಲಸ ಕೊಟ್ಟರು. ಚಾಪೆಯ ಮಧ್ಯದ ತನಕ ನಿಧಾನವಾಗಿ ಒಂದು ಚೆಂಡು ಉರುಳಿಸಿಕೊಂಡು ಹೋಗುವುದು, ಬರುವುದು. ಆಟಕ್ಕೆ ಮೊದಲು ಮತ್ತು ಆಟದ ಆಮೇಲೆ ನಿಮ್ಮ ಸಂಸಾರ ಹೇಗಿದೆ ಅಂತ ಇಬ್ಬರನ್ನೂ ಕೇಳಿದರು. ದಿಂಬು ಸಿಕ್ಕಿಸಿಕೊಂಡು ಬಿದ್ದು ಎದ್ದು ನಕ್ಕವರು ಮೊದಲಿಗಿಂತ ಚೆನ್ನಾಗಿದೆ ಅಂದರು. ಚೆಂಡು ಉರುಳಿಸಿದವರಲ್ಲಿ ಆ ಬದಲಾವಣೆ ಆಗಲಿಲ್ಲ.

ಆ ಅಮ್ಮ ಇದನ್ನೆಲ್ಲ ಗಮನವಿಟ್ಟು ಕೇಳಿದರು. ಆಮೇಲೆ ಗಂಡನ ಕಡೆ ತಿರುಗಿ, 'ಈ ಸಲ ನಿಸರ್ಗಧಾಮಕ್ಕೆ ನಾವಿಬ್ಬರೇ ಹೋಗೋಣ ಕಣ್ರೀ' ಅಂದರು.